ಹಿಡಿದವರಿಗೇ ಪಾಲು ಏಕೆ?

ಮಾನ್ಯ ಸಂಪಾದಕರೇ,

ಅಮೆರಿಕದ ಹಲವು ರಾಜ್ಯಗಳಲ್ಲಿ ಅಪರಾಧದ ನಂಟಿದೆ ಎಂಬ ಬರೀ ಅನುಮಾನದ ಮೇಲೆ ಪೊಲೀಸರು ಜನರ ಕಾರು, ನಗದು ಜಪ್ತಿ ಮಾಡಬಹುದು. ಮಾಲೀಕರ ತಪ್ಪು ಸಾಬೀತಾಗಿರಬೇಕೆಂದೇನಿಲ್ಲ. ಕೇಸು ನಡೆಯುವುದು ವಸ್ತುವಿನ ಮೇಲೆ! ವಾಪಸ್ ಬೇಕೆಂದರೆ ಸ್ವಂತ ಖರ್ಚಿನಲ್ಲಿ ವಕೀಲರನ್ನಿಟ್ಟು ಅಲೆಯಬೇಕು. ಸಾವಿರ ಡಾಲರ್ ಬಿಡಿಸಿಕೊಳ್ಳಲು ಅದಕ್ಕಿಂತ ಜಾಸ್ತಿ ಫೀಸು ಯಾರು ಕೊಡುತ್ತಾರೆ? ಬಡವರು ಸುಮ್ನೆ ಬಿಟ್ಟುಬಿಡುತ್ತಾರೆ.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಅಲ್ಲಿನ ಕೇಂದ್ರ ಸರ್ಕಾರದ ಯೋಜನೆಯಡಿ ಮುಟ್ಟುಗೋಲಿನ ಹಣದಲ್ಲಿ ಶೇ 80ರವರೆಗೆ ಸ್ಥಳೀಯ ಪೊಲೀಸ್ ಇಲಾಖೆಗೇ ಸಿಗುತ್ತದೆ. ಹಿಡಿದವರಿಗೇ ಪಾಲು ಸಿಕ್ಕರೆ ಹಿಡಿಯುವ ಕೈ ನಿಲ್ಲುವುದಿಲ್ಲ, ಅಲ್ವಾ?

ಅಲ್ಲಿನದೇ ನ್ಯೂ ಮೆಕ್ಸಿಕೊ ರಾಜ್ಯ 2015ರಲ್ಲೇ ಇದಕ್ಕೆ ಕಡಿವಾಣ ಹಾಕಿತು. ಅಲ್ಲಿ ಅಪರಾಧ ಸಾಬೀತಾದ ಮೇಲಷ್ಟೇ ಮುಟ್ಟುಗೋಲು, ಹಣ ರಾಜ್ಯದ ಖಜಾನೆಗೆ. ಈ ಪಾಲು ಪದ್ಧತಿ ನಿಲ್ಲಿಸುವ ಮಸೂದೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ಹಲವು ಸಲ ಮಂಡನೆಯಾಗಿದೆ. ಅದು ಬೇಗ ಪಾಸಾಗಲಿ.

– ಓದುಗ, ಮೈಸೂರು