ತಮ್ಮನ ಪಕ್ಕ ಮೂರು ವಾರ ನಿಲ್ಲುವವರು ಬೇಕು

ಮಾನ್ಯ ಕೋಲಾರ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನನ್ನ ತಮ್ಮನಿಗೆ ಈಗ 27 ವರ್ಷ. ಡೌನ್ ಸಿಂಡ್ರೋಮ್ ಇದೆ. 21ನೇ ಕ್ರೋಮೋಸೋಮ್ ಎರಡಿರುವ ಕಡೆ ಮೂರಿದ್ದರೆ ಹುಟ್ಟಿನಿಂದಲೇ ಹೀಗಾಗುತ್ತದೆ. ಔಷಧಿಯಿಂದ ಹೋಗುವಂಥದ್ದಲ್ಲ. 18 ತುಂಬಿದ ಮೇಲೆ ಅವನ ಶಾಲೆ ಮುಗಿಯಿತು. ಆಮೇಲೆ ಎಷ್ಟೋ ವರ್ಷ ದಿನಾ ಬೆಳಗ್ಗೆ ಸ್ನಾನ ಮಾಡಿ, ತಲೆ ಬಾಚಿ, ಬ್ಯಾಗ್ ಹಾಕಿಕೊಂಡು ಜಗಲಿ ಮೇಲೆ ಕೂರುತ್ತಿದ್ದ. ಹೋಗಲು ಎಲ್ಲೂ ಇರಲಿಲ್ಲ.

ಒಂದು ಅಂಗಡಿಗೆ ಸೇರಿಸಿದೆವು. "ಹೇಳಿದ್ದು ತಲೆಗೆ ಹೋಗಲ್ಲಮ್ಮ" ಅಂತ ಎರಡೇ ದಿನಕ್ಕೆ ವಾಪಸ್ ಕಳಿಸಿದರು. ನಿಜ, ಒಟ್ಟಿಗೆ ನಾಲ್ಕು ಮಾತು ಹೇಳಿದರೆ ಅವನಿಗೆ ಉಳಿಯುವುದಿಲ್ಲ. ಆದರೆ ತೋರಿಸಿದ್ದು ಉಳಿಯುತ್ತದೆ. ಇಂಥ ಮಕ್ಕಳಲ್ಲಿ ಜಾಸ್ತಿ ಜನ ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುತ್ತಾರೆ.

ನಮ್ಮ ಪುಣ್ಯ, ನಿವೃತ್ತರಾದ ಅವನ ಹಳೇ ಟೀಚರ್ ಒಬ್ಬರು ಮನೆಗೆ ಬಂದರು. ಮೊದಲು ಕೂತು ಮಾತಾಡಿದ್ದು ಅಮ್ಮನ ಜೊತೆ. ಮಗನನ್ನು ಯಾರಾದರೂ ಬೈದರೆ, ದಾರಿ ತಪ್ಪಿದರೆ ಅನ್ನುವ ಅಮ್ಮನ ಭಯ ಇಳಿಯಲು ಒಂದು ತಿಂಗಳೇ ಬೇಕಾಯಿತು. ಆಮೇಲೆ ತಮ್ಮನನ್ನು ಎಪಿಎಂಸಿಯ ಟೊಮೆಟೊ ಮಂಡಿಗೆ ಕರೆದುಕೊಂಡು ಹೋದರು. ಹರಾಜಿನ ಕೂಗಿಗೆ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟ. ಮಾರನೇ ದಿನ ಹರಾಜು ಮುಗಿದ ಮೇಲೆ ಹೋದರು. ಮೂರು ಕ್ರೇಟ್ ಮುಂದೆ ಮೂರು ಟೊಮೆಟೊ ಇಟ್ಟರು: ಕಾಯಿ, ದೋರೆ, ಹಣ್ಣು. "ಇದರ ಥರದ್ದು ಇದಕ್ಕೆ." ಅಷ್ಟೇ ಮಾತು. ಮೊದಲ ವಾರ ಭುಜಕ್ಕೆ ಭುಜ ತಾಗಿಸಿ ನಿಂತರು, ಎರಡನೇ ವಾರ ನಾಲ್ಕು ಹೆಜ್ಜೆ ದೂರ, ಮೂರನೇ ವಾರ ಬಾಗಿಲಲ್ಲಿ. ಈಗ ವಾರಕ್ಕೊಂದು ಫೋನ್ ಸಾಕು. ಅವನು ಆರಿಸಿದ ಕ್ರೇಟಿನಲ್ಲಿ ಕೊಳೆತದ್ದು ಸಿಗಲ್ಲ ಅಂತ ಮಂಡಿಯವರೇ ಹೇಳುತ್ತಾರೆ. ಮೊದಲ ಕೂಲಿ ತಂದವನು ನೋಟುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ಅಮ್ಮನನ್ನು ಕೂಗಿ ಕರೆದ.

ನಮ್ಮ ಬೀದಿಯಲ್ಲೇ ಇಂಥದೇ ಇನ್ನೊಬ್ಬ ಹುಡುಗಿ ಇದ್ದಾಳೆ. ಟೀಚರಿಗೆ ಈಗ ಕಾಲುನೋವು. ಅವಳ ಪಕ್ಕ ನಿಲ್ಲುವವರು ಯಾರು ಸರ್?

ಹೊಸ ಯೋಜನೆ ಕೇಳುತ್ತಿಲ್ಲ. ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗೌರವಧನಕ್ಕೆ ದುಡಿಯುವವರು, ಪಿಂಚಣಿ, ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಅಂತ ಓಡಾಡುತ್ತಲೇ ಇರುತ್ತಾರೆ. ತಾಲ್ಲೂಕಿಗೆ ಇಬ್ಬರಿಗಾದರೂ ಈ ಪಕ್ಕದಲ್ಲಿ ನಿಲ್ಲುವ ಕೆಲಸ ಕಲಿಸಿ. ಅದಕ್ಕೆ ಬೇರೆ ದುಡ್ಡು ಕೊಡಿ, ಸುಮ್ನೆ ಹೊರೆ ಹಾಕಬೇಡಿ. ಖಾಸಗಿಯವರು ತಮ್ಮ ಕೆಲಸಗಾರರಲ್ಲಿ ಕನಿಷ್ಠ 5% ವಿಕಲಚೇತನರನ್ನು ಸೇರಿಸಿಕೊಳ್ಳುವಂತೆ ಸರ್ಕಾರ ಉತ್ತೇಜನ ಕೊಡಬೇಕು ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ ಇದೆ ಅಲ್ವಾ? ನರಸಾಪುರ, ವೇಮಗಲ್ ಫ್ಯಾಕ್ಟರಿಯವರನ್ನು ಕರೆದು ಕೂರಿಸಿ ಮಾತಾಡಿ. ನೀವು ಕರೆದರೆ ಬರುತ್ತಾರೆ.

ಇನ್ನೊಂದು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಪ್ರಕಾರ 18 ದಾಟಿದ ಇಂಥವರಿಗೆ ಕಾನೂನು ಪೋಷಕರನ್ನು (ಗಾರ್ಡಿಯನ್) ನೇಮಿಸುವ ಸ್ಥಳೀಯ ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ಅರ್ಜಿ ಹಿಡಿದು ಬಂದ ಅಪ್ಪ ಅಮ್ಮನನ್ನು ದಯವಿಟ್ಟು ಒಂದು ಮಾತು ಜಾಸ್ತಿ ಕೇಳಿ: "ಬೆಳಗ್ಗೆ ಎದ್ದು ಇವರು ಎಲ್ಲಿಗೆ ಹೋಗ್ತಾರೆ?" ಎಲ್ಲಿಗೂ ಇಲ್ಲ ಅಂದರೆ, ಆ ಹೆಸರನ್ನು ಅಲ್ಲೇ ಬರೆಸಿಕೊಳ್ಳಿ.

ಇಂತಿ,
ಕೋಲಾರದ ಒಬ್ಬ ಅಕ್ಕ