ನಕ್ಷೆಗೆ ಎತ್ತರವೂ ತಿಳಿಯಲಿ

ಮಾನ್ಯ ಸಂಪಾದಕರೇ,

ಫೋನಿನ ನಕ್ಷೆಯನ್ನು ನಂಬಿ ಹೊರಡುವುದು ಮುಂಬಯಿಯಲ್ಲಿ ಈಗ ಲೋಕಲ್ ರೈಲು ಹತ್ತಿದಷ್ಟೇ ಸಹಜವಾಗಿದೆ. ಉಪಗ್ರಹಗಳ ನೆರವಿನಿಂದ ನಾವಿರುವ ಜಾಗ ತಿಳಿಸುವ ಜಿಪಿಎಸ್‌ನ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕವು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮೇಲೆ ಜನಸಾಮಾನ್ಯರಿಗೂ ಹೆಚ್ಚಿನ ನಿಖರತೆ ದೊರೆಯಿತು. 2021ರಲ್ಲಿ ಕೇಂದ್ರ ಸರ್ಕಾರವು ನಕ್ಷೆ ತಯಾರಿಕೆಯ ನಿಯಮಗಳನ್ನು ಸಡಿಲಿಸಿದ್ದರಿಂದ, ಮರುವರ್ಷವೇ ನಮ್ಮ ನಗರಗಳ ಬೀದಿಗಳ ಫೋಟೋಗಳೂ ನಕ್ಷೆಯ ಪರದೆಗೆ ಬಂದವು.

ಆದರೆ ಎತ್ತರವನ್ನು ಅಳೆಯುವಲ್ಲಿ ಜಿಪಿಎಸ್ ಇಂದಿಗೂ ದುರ್ಬಲವೇ. ಉಪಗ್ರಹಗಳೆಲ್ಲವೂ ನಮ್ಮ ತಲೆಯ ಮೇಲಿದ್ದು, ಕೆಳಗಿನಿಂದ ತಾಳೆ ನೋಡಲು ಏನೂ ಇಲ್ಲದಿರುವುದರಿಂದ, ಮೇಲ್ಸೇತುವೆಯ ಮೇಲಿದ್ದೇವೋ ಅಡಿಯಲ್ಲಿದ್ದೇವೋ ಎಂಬುದರಲ್ಲಿ ಫೋನು ಸುಲಭವಾಗಿ ತಪ್ಪುತ್ತದೆ. ದ್ವಿಚಕ್ರ ವಾಹನಗಳಿಗೆ ನಿಷೇಧವಿರುವ ಜೆ.ಜೆ. ಮೇಲ್ಸೇತುವೆಯ ಬುಡದಲ್ಲಿ ಕಳೆದ ತಿಂಗಳು ನನ್ನ ಫೋನು ನೇರವಾಗಿ ಸಾಗಲು ಹೇಳಿದಾಗ, ಸ್ಕೂಟರ್ ನಿಲ್ಲಿಸಿ ಪಾನ್ ಅಂಗಡಿಯವರನ್ನು ಕೇಳುವುದೇ ಮೇಲೆನಿಸಿತು. ಸೇತುವೆಯ ಎರಡೂ ಸ್ತರಗಳನ್ನು ಬೇರೆಬೇರೆಯಾಗಿ ಗುರುತಿಸಿ, ವಾಹನಕ್ಕೆ ತಕ್ಕ ದಾರಿ ತೋರಿಸುವುದು ನಕ್ಷೆಯ ತಂತ್ರಜ್ಞರ ಮೊದಲ ಕೆಲಸವಾಗಬೇಕು.

ಜೊತೆಗೆ ನಮ್ಮವರಲ್ಲೊಂದು ಕೋರಿಕೆ. 2004ರಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಸ್ಥಳದ ಹೆಸರನ್ನು ಹಲವು ಭಾಷೆಗಳಲ್ಲಿ ದಾಖಲಿಸಲು ಅವಕಾಶವಿದೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಿಂದ ಹಿಡಿದು ಉಪನಗರಗಳ ರೈಲು ನಿಲ್ದಾಣಗಳವರೆಗೆ ಹೆಸರುಗಳನ್ನು ಪರಿಶೀಲಿಸಿ, ಇಲ್ಲದಿದ್ದಲ್ಲಿ ಕನ್ನಡದಲ್ಲಿ ಸೇರಿಸುವ ಕೆಲಸವನ್ನು ಇಲ್ಲಿನ ಕನ್ನಡ ಸಂಘಗಳ ಯುವಕ ಯುವತಿಯರು ಒಂದೆರಡು ಭಾನುವಾರ ಕೂತು ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಕಂಪ್ಯೂಟರ್ ಮತ್ತು ಊರಿನ ಪರಿಚಯವಷ್ಟೇ.

– ಓರ್ವ ಓದುಗ, ಮಾಟುಂಗಾ, ಮುಂಬಯಿ