ಚಾಳೀಸು ಮರೆತು ಬಂದವಳಿಗೆ

ನನ್ನ ಪದ್ಯಗಳ ಪುಸ್ತಕ ಬಿಡುಗಡೆಯಾಗಿ 18 ದಿನಗಳಾದವು. ಅಂದು ಬಾಗಲಕೋಟೆಯ ನವನಗರದ ಆ ಸಣ್ಣ ಸಭಾಂಗಣದಲ್ಲಿ ಮೈಕಿನ ಮುಂದೆ ನಿಂತು ನಾನು ಆಡಿದ್ದು ನಾಲ್ಕೇ ವಾಕ್ಯ. ಅದರಲ್ಲಿ ಒಂದು ಮೈಕು ಸರಿಯಿಲ್ಲ ಎಂಬುದು, ಇನ್ನೊಂದು ಊಟ ಮಾಡದೆ ಯಾರೂ ಹೋಗಬೇಡಿ ಎಂಬುದು. ನೆನೆಯಬೇಕಾದವರನ್ನು ನೆನೆಯಲೇ ಇಲ್ಲ. ಗಂಟಲು ಕಟ್ಟಿತ್ತು ಎಂದು ಹಲವರು ತಿಳಿದುಕೊಂಡರು. ಹಾಗೇನೂ ಅಲ್ಲ. ಮೊದಲ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ ಒಬ್ಬಳು, ನನ್ನ ಸುದ್ದಿ ಎತ್ತಿದರೆ ನೋಡು ಎನ್ನುವ ಹಾಗೆ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಬರೆಯುವಾಗ ಎದುರಿಗೆ ಆ ಕಣ್ಣುಗಳಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಉಳಿದವರ ಋಣ. ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ "ಅಚ್ಚು ನಿಲ್ಲಿಸಿರಿ, ದುಡ್ಡು ವಾಪಸು ಬೇಡ" ಎಂದು ಅತ್ತವಳ ಮಾತನ್ನು ಕೇಳಿಯೂ ಕೇಳದವರಂತೆ ಇದ್ದ ಪ್ರಕಾಶಕರಿಗೆ, ಅಕ್ಷರ ಜೋಡಿಸಿದ ಹುಡುಗಿಗೆ, ಮುಖಪುಟ ಬರೆದ ಗೆಳೆಯರಿಗೆ, ಹಳೆಯ ರಿಜಿಸ್ಟರುಗಳ ಹಿಂಬದಿಯಲ್ಲಿ ಪದ್ಯ ಕಂಡರೂ ಸಾಹೇಬರಿಗೆ ತೋರಿಸದ ಕಚೇರಿಯ ಸಹೋದ್ಯೋಗಿಗಳಿಗೆ, ಶನಿವಾರದ ಓದಿನ ಗೆಳತಿಯರಿಗೆ, 80 ಜನರಿಗೆ ಎಣ್ಣೆಗಾಯಿ ಪಲ್ಯ ಮಾಡಿ ಬಡಿಸಿದವರಿಗೆ ಕೈಮುಗಿದಿದ್ದೇನೆ. ಇಷ್ಟು ಜನರನ್ನು ಒಂದೇ ವಾಕ್ಯದಲ್ಲಿ ತುರುಕಿದಳಲ್ಲ ಎಂದು ನೀವು ಬೈಯುತ್ತೀರಿ. ಬೈಯಿರಿ. ನಿಮಗೆಲ್ಲ ಹೇಳಿದ್ದನ್ನು ನೀವು ಓದುತ್ತೀರಿ, ನಕ್ಕು ಮರೆಯುತ್ತೀರಿ. ಹೇಳಿಸಿಕೊಳ್ಳಲು ಒಲ್ಲೆನೆನ್ನುವವಳೊಬ್ಬಳಿದ್ದಾಳೆ, ನನಗೆ ಜಾಗ ಬೇಕಾಗಿರುವುದು ಅವಳಿಗೆ.

ಮಾರ್ಚಿನಲ್ಲಿ ಏನಾಯಿತು ಎಂಬುದು ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರು ನೆಂಟರ ವಾಟ್ಸಾಪ್ ಗುಂಪಿನಲ್ಲಿ ಇಲ್ಲದ ಪುಣ್ಯವಂತರು. ಕರಡಿನ ಒಂದು ಪುಟದ ಫೋಟೋ ಅಲ್ಲಿಗೆ ಹೇಗೆ ಬಂತು, ಯಾರು ಹಾಕಿದರು ಎಂಬುದನ್ನು ಮತ್ತೆ ಕೆದಕುವುದಿಲ್ಲ. ಒಂದು ಸಂಗತಿಯನ್ನು ಮಾತ್ರ ಹೇಳಬೇಕು. ಆ ಪದ್ಯದಲ್ಲಿ ನಲವತ್ತು ದಾಟಿದ ಹೆಣ್ಣಿನ ಮೈಯ ಬಯಕೆ ಇತ್ತು, ಹಾಸಿಗೆ ಇತ್ತು, ಬೆನ್ನು ತಿರುಗಿಸಿ ಮಲಗುವ ಗಂಡಸಿನ ಗೊರಕೆಯೂ ಇತ್ತು. ನನ್ನ ಹೆದರಿಕೆಯೆಲ್ಲ ಅವುಗಳ ಬಗ್ಗೆಯೇ. ಆದರೆ ನಮ್ಮ ಹಿರಿಯರು ಕೆರಳಿದ್ದು ಬೇರೆಯದೇ ಒಂದು ಮಾತಿಗೆ. ಪದ್ಯದ ಮೊದಲ ಸಾಲಿನಲ್ಲಿ ನಾನು ‘ನೀನು’ ಎಂದಿದ್ದೆ. ಗಂಡನಿಗೆ ‘ನೀನು’!

ನಮ್ಮ ಕಡೆ ಗಂಡನನ್ನು ಏಕವಚನದಲ್ಲಿ ಕರೆಯುವುದಿರಲಿ, ಹೆಸರನ್ನೂ ಎತ್ತುವುದಿಲ್ಲ. ‘ಇವರು’, ‘ನಮ್ಮ ಮನೆಯವರು’, ಇಲ್ಲವೇ ಬರೀ ಒಂದು ‘ರೀ’. ನಾನೂ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ‘ರೀ’ ಎನ್ನುತ್ತಲೇ ಬಂದವಳು. ಪದ್ಯದಲ್ಲಿ ಯಾಕೆ ‘ನೀನು’ ಬಂತು ಎಂದರೆ, ‘ನೀವು’ ಎಂದು ಬರೆದಾಗ ಅದು ಪ್ರೀತಿಯಂತೆ ಕೇಳದೆ ರಜೆಯ ಅರ್ಜಿಯಂತೆ ಕೇಳಿತು. ಎರಡು ಸಲ ತಿದ್ದಿ ನೋಡಿದ್ದೆ. ಇದನ್ನು ಯಾರಿಗೆ ವಿವರಿಸಲಿ? ಕವಿತೆಯಲ್ಲಿ ‘ನೀನು’ ಎಂದರೆ ಒಬ್ಬನೇ ಆಗಿರಬೇಕಿಲ್ಲ ಎಂದು ವಿವರಿಸಲು ಹೋದರೆ, ಹಾಗಾದರೆ ಇನ್ನೊಬ್ಬ ಯಾರು ಎಂಬ ಪ್ರಶ್ನೆ ಬಾಗಿಲಲ್ಲೇ ನಿಂತಿತ್ತು. ಗಂಡು ಪ್ರೇಮಕವಿತೆ ಬರೆದರೆ ಪ್ರಾಸದ ಬಗ್ಗೆ ಮಾತಾಡುತ್ತಾರೆ, ಹೆಣ್ಣು ಬರೆದರೆ ವಿಳಾಸ ಕೇಳುತ್ತಾರೆ.

ಮನೆಯವರು ಆ ದಿನ ಒಂದು ಮಾತೂ ಆಡದೆ ಊರಿನ ಹೊಲಕ್ಕೆಂದು ಹೋಗಿದ್ದರು. ಮಗಳು ಹಾಸ್ಟೆಲಿನಲ್ಲಿದ್ದಳು. ಪ್ರಕಾಶಕರಿಗೆ ಫೋನ್ ಮಾಡಿ ಇಟ್ಟ ಮೇಲೆ, ಪದ್ಯಗಳ ಕಡತವನ್ನು ಹಿಡಿದುಕೊಂಡು ಹಿತ್ತಿಲಿಗೆ ಹೋದೆ. ಸ್ನಾನದ ನೀರು ಕಾಯಿಸುವ ಒಲೆಯಲ್ಲಿ ಬೆಂಕಿ ಆರಿ ಬೂದಿಯಾಗಿತ್ತು. ಬೆಂಕಿಪೆಟ್ಟಿಗೆ ಹುಡುಕಲು ಒಳಗೆ ಬಂದಾಗ ಮುಂಬಾಗಿಲು ಬಡಿದ ಸದ್ದಾಯಿತು.

ಇಳಕಲ್ಲಿನಿಂದ ಹುನಗುಂದ, ಅಮೀನಗಡದ ಮೇಲೆ ಹಾಯ್ದು ಬರುವ ರಾತ್ರಿಯ ಬಸ್ಸು ಹಿಡಿದು ನನ್ನ ಹಿರಿಯ ನೆಗೆಣ್ಣಿ, ಭಾವನವರ ಹೆಂಡತಿ, ಬಂದಿದ್ದಳು.

ನೆಗೆಣ್ಣಿ ಎಂದರೆ ನಮ್ಮ ಹಾಡುಗಳಲ್ಲೆಲ್ಲ ಜಗಳದ ಇನ್ನೊಂದು ಹೆಸರು. ನಾವೂ ಹಾಡಿಗೆ ತಪ್ಪಿದವರಲ್ಲ. ಮನೆಯ ಹಂಚಿಕೆಯಾದ ಮೇಲೆ ಎರಡು ವರ್ಷ ನಮ್ಮಿಬ್ಬರ ನಡುವೆ ಮಾತು ಬಂದಾಗಿತ್ತು. ಮದುವೆ ಮುಂಜಿಗಳಲ್ಲಿ ಎದುರಾದರೆ ಒಬ್ಬರು ನೀರು ಕುಡಿಯಲು ಹೋಗುತ್ತಿದ್ದೆವು. ಅಂಥವಳು ಕೈಯಲ್ಲಿ ಒಂದು ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ. "ನೀನು ಒಲೆ ಹಚ್ಚಿರುವುದಿಲ್ಲ ಎಂದು ಗೊತ್ತಿತ್ತು" ಎಂದಳು. ಒಲೆ ಹಚ್ಚುವುದಕ್ಕೇ ಹೊರಟಿದ್ದೆ ಎಂದು ನಾನು ಹೇಳಲಿಲ್ಲ. ಕಡತವನ್ನು ನೋಡಿದಳು, ಬೆಂಕಿಪೆಟ್ಟಿಗೆಯನ್ನೂ ನೋಡಿದಳು. "ಮೊದಲು ಉಣ್ಣು. ಆಮೇಲೆ ಸುಡುವುದಿದ್ದರೆ ಇಬ್ಬರೂ ಕೂಡಿ ಸುಡೋಣ. ಆದರೆ ಏನು ಸುಡುತ್ತಿದ್ದೇವೆ ಎಂದು ನನಗೆ ಗೊತ್ತಾಗಬೇಕು. ಓದು" ಎಂದಳು.

ಅವಳಿಗೆ ಓದಲು ಬರುತ್ತದೆ, ಏಳನೆಯ ಇಯತ್ತೆಯವರೆಗೆ ಕಲಿತವಳು. ಆದರೆ ಮಗನ ಮೊಬೈಲಿನಲ್ಲಿ ಆ ಗುಂಪಿನ ಮಾತುಗಳನ್ನು ನೋಡಿದವಳೇ ಬುತ್ತಿ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಓಡಿದ್ದರಲ್ಲಿ ಚಾಳೀಸು ಮಗ್ಗದ ಮನೆಯಲ್ಲೇ ಉಳಿದಿತ್ತು. ಹಾಗಾಗಿ ನಾನೇ ಓದಬೇಕಾಯಿತು. 64 ಪದ್ಯಗಳು. ಅಡುಗೆಮನೆಯ ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಒಬ್ಬಳಿಗಾಗಿ. (ಅವಳು ಆಡಿದ್ದೆಲ್ಲ ಇಳಕಲ್ಲಿನ ಮಾತಿನಲ್ಲಿ. ಅದನ್ನು ಪುಸ್ತಕದ ಕನ್ನಡಕ್ಕೆ ತರುವಾಗ ಅರ್ಧ ಖಾರ ಸೋರಿಹೋಗಿದೆ, ಕ್ಷಮಿಸಿ.)

ಅವಳು ಕೊಂಡಿ ಹಾಕುವವಳು. ಇಳಕಲ್ಲಿನ ಸೀರೆ ಉಟ್ಟವರಿಗೂ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ: ಆ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿರಬಹುದು, ಸೆರಗು ಕೆಂಪು ರೇಷ್ಮೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಎಳೆಯನ್ನು ಕುಣಿಕೆಯಂತೆ ತೊಡಿಸಿ ಕೂಡಿಸಬೇಕು, ಅದೇ ಕೊಂಡಿ. ಪ್ರತಿ ಸೀರೆಗೂ ಹೊಸದಾಗಿ ಕೂಡಿಸಬೇಕಾದ್ದರಿಂದ ನಾಲ್ಕಾರು ಸೀರೆಗಳಿಗೆ ಒಂದೇ ಉದ್ದನೆಯ ಹಾಸು ಮಾಡಿಕೊಂಡು ನೇಯಲು ಬರುವುದಿಲ್ಲ. ಇಂಥ ಕೆಲಸ ಮಾಡಿದ ಕಿವಿಗೆ ಪದ್ಯ ಹೇಗೆ ಕೇಳುತ್ತದೆ ಎಂಬುದು ಆ ರಾತ್ರಿ ನನಗೆ ತಿಳಿಯಿತು. ಒಂಬತ್ತನೆಯದೋ ಹತ್ತನೆಯದೋ ಪದ್ಯಕ್ಕೆ ಕೈ ಅಡ್ಡ ಹಿಡಿದಳು. "ಇದರಲ್ಲಿ ಒಡಲು ಒಂದು ಕಡೆ, ಸೆರಗು ಒಂದು ಕಡೆ. ಮೊದಲು ಅವನ ಮೇಲೆ ಸಿಟ್ಟು, ಆಮೇಲೆ ಮಳೆ ಬಂತು ಎನ್ನುತ್ತೀ. ಕೊಂಡಿ ಹಾಕಿಲ್ಲ." ನಾನು ಇಪ್ಪತ್ತು ವರ್ಷಗಳಲ್ಲಿ ಹಾಜರಾದ ಯಾವ ಕಾವ್ಯ ಕಮ್ಮಟದಲ್ಲೂ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ. ಆ ಪದ್ಯ ಈಗ ಪುಸ್ತಕದಲ್ಲಿ ಇಲ್ಲ.

ಹನ್ನೆರಡೂವರೆಯ ಹೊತ್ತಿಗೆ ನಾನು ಹೆದರುತ್ತಿದ್ದ ಪದ್ಯ ಬಂತು. ಹಂಚಿಕೆಯ ಬಗ್ಗೆ ಬರೆದದ್ದು. ಅದರಲ್ಲಿ ತಾಮ್ರದ ಹಂಡೆಯನ್ನು ತಬ್ಬಿಕೊಂಡು ಕೂತ ಒಬ್ಬ ಹೆಂಗಸು ಇದ್ದಾಳೆ. ಅದು ಅವಳೇ. ಹಾರಿಸಿ ಮುಂದಿನ ಹಾಳೆ ತಿರುವಬಹುದಿತ್ತು. ಚಾಳೀಸು ಇಲ್ಲದವಳಿಗೆ ಗೊತ್ತಾಗುತ್ತಲೂ ಇರಲಿಲ್ಲ. ಓದಿದೆ. ಓದಿ ಮುಗಿಸಿ ತಲೆ ಎತ್ತಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಕೇಳಿದ್ದು ಇಷ್ಟು: "ಇದರಲ್ಲಿ ಎಲ್ಲರೂ ಮಾತಾಡುತ್ತಾರೆ. ಅತ್ತೆ ಮಾತಾಡುತ್ತಾಳೆ, ನೀನು ಮಾತಾಡುತ್ತೀ, ಪಂಚರು ಮಾತಾಡುತ್ತಾರೆ. ನಾನೇ ಯಾಕೆ ಬಾಯಿ ಇಲ್ಲದವಳು?"

ಹೆಣ್ಣಿನ ದನಿ, ಹೆಣ್ಣಿನ ಕಣ್ಣು ಎಂದು ಎಲ್ಲೆಡೆ ಹೇಳಿಕೊಂಡು ತಿರುಗಿದವಳು ನಾನು. ಪ್ರೀತಿ, ಸಂಬಂಧ ಎಂದು 64 ಪದ್ಯ ಬರೆದವಳು, ಒಂದೇ ಸೂರಿನಡಿ ಹದಿನಾಲ್ಕು ವರ್ಷ ರೊಟ್ಟಿ ಬಡಿದ ಇನ್ನೊಬ್ಬ ಹೆಂಗಸಿಗೆ ಒಂದು ಸಾಲು ಮಾತನ್ನೂ ಕೊಟ್ಟಿರಲಿಲ್ಲ. ಆ ಹಂಡೆ ಅವಳ ತವರಿನಿಂದ ಬಂದದ್ದು, ಅದರಲ್ಲಿ ಕೊನೆಯ ಸಲ ನೀರು ಕಾಯಿಸಿದ್ದು ಭಾವನವರ ಹೆಣಕ್ಕೆ ಎಂದು ನಾನು ಆ ರಾತ್ರಿ ಮೊದಲ ಬಾರಿಗೆ ಕೇಳಿದೆ. ಹದಿನಾಲ್ಕು ವರ್ಷ ಒಂದೇ ಅಡುಗೆಮನೆ!

ಆಮೇಲೆ ಅವಳೇ ಮಾತು ತಿರುಗಿಸಿದಳು. "ಎಲ್ಲರೂ ನಿನಗೆ ‘ನೀನು’ ಎಂದಿದ್ದಕ್ಕೆ ಬೈಯುತ್ತಿದ್ದಾರಲ್ಲ, ಮದುವೆಯಲ್ಲಿ ಒಡಪು ಹೇಳಿಸುವಾಗ ಹೆಸರು ಹಿಡಿದು ಕೂಗು ಎಂದವರೂ ಇವರೇ ಅಲ್ಲವೇ?" ಹೊಸ ಮದುಮಗಳನ್ನು ಹೊಸ್ತಿಲಲ್ಲಿ ತಡೆದು, ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎನ್ನುತ್ತಾರೆ, ಬರಿದಾಗಿ ಹೇಳುವಂತಿಲ್ಲ, ಪ್ರಾಸ ಕಟ್ಟಿ ಅದರೊಳಗೆ ಹೆಸರು ಸಿಕ್ಕಿಸಬೇಕು. ನನ್ನ ಅವ್ವ ಒಡಪು ಹೇಳಿದ ಹೊಸ್ತಿಲು ಹಳೆ ಬಾಗಲಕೋಟೆಯಲ್ಲಿ ಈಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ, ಆದರೆ ಒಡಪು ಅವಳ ಬಾಯಲ್ಲಿತ್ತು, ಸಾಯುವವರೆಗೆ. ನನ್ನದು ನನಗೆ ಮರೆತಿದೆ. "ನಿನ್ನದು ಹೇಳಕ್ಕಾ" ಎಂದೆ. ಬಾಯಿ ತಪ್ಪಿ ಅಂದದ್ದು.

ಭಾವನವರು ತೀರಿಕೊಂಡು 11 ವರ್ಷ. ಗಂಡ ಸತ್ತವಳಿಗೆ ಒಡಪು ಹೇಳು ಎಂದು ಯಾರೂ ಕೇಳುವುದಿಲ್ಲ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮದುವೆಯಲ್ಲಿ ನಿಂತ ಹಾಗೆಯೇ ನೆಲ ನೋಡುತ್ತ ಹೇಳಿದಳು:

ಇಳಕಲ್ಲ ಸೀರೆಗೆ ರೇಷ್ಮೆಯ ಸೆರಗು,
ಮುಸ್ಸಂಜೆ ಹೊಸ್ತಿಲಿಗೆ ದೀಪದ ಮೆರುಗು...

ಮೂರನೆಯ ಸಾಲಿನಲ್ಲಿ ಅವರ ಹೆಸರಿತ್ತು. ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. ಹೇಳಿ, ಇನ್ನೊಮ್ಮೆ ಹೇಳಿದಳು, ಬರೀ ಹೆಸರನ್ನು, ಪ್ರಾಸವಿಲ್ಲದೆ. ಆಮೇಲೆ ನಾವಿಬ್ಬರೂ ಅತ್ತೆವು. ಅದನ್ನು ವರ್ಣಿಸಲು ನನಗೆ ಬರುವುದಿಲ್ಲ. ಪಕ್ಕದ ಮನೆಯವರು ದೀಪ ಹಾಕಿ ಕಿಟಕಿ ತೆರೆದರು ಎಂಬುದಷ್ಟೇ ನೆನಪಿದೆ. ಬೆಳಗಿನ ಮೊದಲ ಬಸ್ಸಿಗೆ ಅವಳು ಹೊರಟಾಗ ಬೆಂಕಿಪೆಟ್ಟಿಗೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹೋದಳು. ಅಂದು ಚಹಾ ಮಾಡಲು ಪಕ್ಕದ ಮನೆಯಿಂದ ಕಡ ತರಬೇಕಾಯಿತು.

ಬಿಡುಗಡೆಯ ದಿನ ಅತಿಥಿಯೊಬ್ಬರು, ಹೆಣ್ಣು ಈಗೀಗ ಪ್ರೀತಿಯ ಬಗ್ಗೆ ಬಾಯಿ ಬಿಡುತ್ತಿದ್ದಾಳೆ ಎಂದು ಸಂತೋಷಪಟ್ಟರು. ಅವರ ಮೇಲೆ ಗೌರವವಿದೆ, ಆದರೆ ಈ ಮಾತು ನನಗೆ ಒಪ್ಪಿಗೆಯಿಲ್ಲ. ಮಾಲತಿ ಪಟ್ಟಣಶೆಟ್ಟಿ, ಪ್ರತಿಭಾ ನಂದಕುಮಾರ್ ಅವರಂಥ ಕವಿಗಳು ದಶಕಗಳ ಹಿಂದೆಯೇ ಬಾಗಿಲು ತೆರೆದಿಟ್ಟಿದ್ದರಿಂದ ನಾನು ಒಳಗೆ ಬಂದೆ. ಅದಕ್ಕೂ ಹಿಂದೆ, ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಬೀಸುವ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಗಂಡನ ಮೇಲಿನ ಮೋಹ, ತವರಿನ ಹಂಬಲ ಎಲ್ಲವೂ ಆ ಹಾಡುಗಳಲ್ಲಿವೆ. ಕೂಡಿಸಿದವರ ಹೆಸರು ನಮಗೆ ಗೊತ್ತು, ಹಾಡು ಕಟ್ಟಿದವರ ಹೆಸರು ಗೊತ್ತಿಲ್ಲ. ಬಾಯಿ ಬಿಡದೆ ಇದ್ದದ್ದು ಯಾವಾಗ?

ಏಪ್ರಿಲಿನಲ್ಲಿ ಅಕ್ಕ ಮತ್ತು ನಾನು ತಂಗಡಗಿಗೆ ಹೋಗಿಬಂದೆವು. ಕೃಷ್ಣೆಯ ದಡದಲ್ಲಿರುವ, ಬಸವಣ್ಣನ ಹೆಂಡತಿ ನೀಲಮ್ಮನ ಐಕ್ಯಸ್ಥಳ ಅದು. ಕಲ್ಯಾಣದಿಂದ ಕೂಡಲಸಂಗಮಕ್ಕೆ ಹೊರಟವಳು, ಬಸವಣ್ಣ ಇನ್ನಿಲ್ಲ ಎಂಬ ಸುದ್ದಿಯನ್ನು ಇಲ್ಲಿಯೇ ಕೇಳಿದಳು ಎನ್ನುತ್ತಾರೆ. ಅವಳ ವಚನಗಳನ್ನು ಓದಿದವರಿಗೆ ಗೊತ್ತು, ಸಂಗಯ್ಯ ಎಂಬ ಅಂಕಿತದ ಆ ಸಾಲುಗಳ ತುಂಬ ಗಂಡನ ಹೆಸರೇ ಹೆಸರು. ಹನ್ನೆರಡನೆಯ ಶತಮಾನದಲ್ಲಿ! ಅಕ್ಕನಿಗೆ ಇದನ್ನು ಹೇಳಿದೆ. "ಅವರ ನೆಂಟರು ಸುಮ್ಮನಿದ್ದರೇ?" ಎಂದಳು.

ಮನೆಯವರಿಗೂ ಕೃತಜ್ಞತೆ ಹೇಳಬೇಕು. ನಾಲ್ಕನೆಯ ದಿನ ಹೊಲದಿಂದ ಮರಳಿ ಬಂದರು. ಒಂದು ವಾರದ ಮೇಲೆ ಕರಡು ಕೇಳಿ ತೆಗೆದುಕೊಂಡರು. ಕೆಂಪು ಪೆನ್ನಿನಲ್ಲಿ 23 ಅಚ್ಚಿನ ತಪ್ಪುಗಳನ್ನು ಗುರುತಿಸಿ ಮೇಜಿನ ಮೇಲಿಟ್ಟರು. ಯಾವ ಪದ್ಯದ ಮೇಲೂ ಗೀಟು ಎಳೆದಿರಲಿಲ್ಲ, ‘ನೀನು’ವಿನ ಮೇಲೂ ಇಲ್ಲ. ಎರಡು ಪದ್ಯಗಳ ಬಗ್ಗೆ ನಾವು ಇನ್ನೂ ಮಾತಾಡಿಲ್ಲ. ಮಾತಾಡುತ್ತೇವೋ ಇಲ್ಲವೋ, ಅದು ನಮ್ಮ ನಮ್ಮಲ್ಲಿರಲಿ.

ಹಂಡೆಯ ಪದ್ಯ ಈಗ ಬದಲಾಗಿದೆ. ಅದರಲ್ಲಿ ಹಂಡೆ ತಬ್ಬಿಕೊಂಡ ಹೆಂಗಸು ಹನ್ನೊಂದು ಸಾಲು ಮಾತಾಡುತ್ತಾಳೆ, ನಾನು ಎರಡು. ಅಚ್ಚಿಗೆ ಕೊಡುವ ಮೊದಲು ಫೋನಿನಲ್ಲಿ ಓದಿ ಒಪ್ಪಿಗೆ ಪಡೆದಿದ್ದೇನೆ. ಪುಸ್ತಕದ ಮೊದಲ ಪ್ರತಿ ಅವಳಿಗೇ ಹೋಯಿತು. ಈಗ ಚಾಳೀಸು ಹಾಕಿಕೊಂಡು ದಿನಕ್ಕೆ ಎರಡು ಪದ್ಯದಂತೆ ಓದುತ್ತಿದ್ದಾಳೆ.

ನಿನ್ನೆ ರಾತ್ರಿ ಫೋನ್ ಬಂತು. 31ನೆಯ ಪುಟದಲ್ಲಿದ್ದಾಳಂತೆ. ಆ ರಾತ್ರಿ ನಾನು ಓದುವಾಗ ಅಲ್ಲಿ ತನಗೆ ಜೊಂಪು ಹತ್ತಿರಬೇಕು, ಇದನ್ನು ಕೇಳಿದ ನೆನಪಿಲ್ಲ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಇದರಲ್ಲಿ ಬರುವ ಆ ಸೈಕಲ್ಲಿನವನು ಯಾರು?" ಎಂದು ಕೇಳಿದಳು.

ಅವಳಿಗೂ ಹೇಳಲಿಲ್ಲ.